ಎರಡು ವರ್ಷ ಚಿತ್ರಕಲೆ ಓದಿದ ಮೇಲೆ ಕೈಯೇ ಬರ್ತಿಲ್ಲ, ಬಿಟ್ಟುಬಿಡಲಾ?

ಪ್ರಶ್ನೆ: ನಾನು ಚಿಕ್ಕಮಗಳೂರಿನವನು, ವಯಸ್ಸು 20. ಮೈಸೂರಿನ ಒಂದು ಕಾಲೇಜಿನಲ್ಲಿ ದೃಶ್ಯಕಲಾ ಪದವಿ (ಬಿವಿಎ) ಓದುತ್ತಿದ್ದೇನೆ. ನಾಲ್ಕು ವರ್ಷದಲ್ಲಿ ಎರಡು ಮುಗಿಯಿತು. ಮೊದಲ ವರ್ಷ ಫೌಂಡೇಶನ್, ಆಮೇಲೆ ಪೇಂಟಿಂಗ್ ವಿಭಾಗ ತಗೊಂಡೆ. ಸೇರುವ ಮುಂಚೆ ಫೋಟೋ ನೋಡಿ, ಚೌಕ ಚೌಕದ ಗ್ರಿಡ್ ಹಾಕಿ, ಪೆನ್ಸಿಲ್‌ನಲ್ಲಿ ಮುಖ ಬರೆಯುತ್ತಿದ್ದೆ. ಫೋಟೋ ಹಾಗೇ ಬರುತ್ತಿತ್ತು. ಒಂದಕ್ಕೆ 1500 ರೂಪಾಯಿ ಕೊಟ್ಟು ಬರೆಸಿಕೊಳ್ಳುತ್ತಿದ್ದರು. ಈಗ ಈಸೆಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡ್) ಮುಂದೆ ನಿಂತರೆ ಕೈಯೇ ಓಡುವುದಿಲ್ಲ. ಸರ್ ಒಂದು ದಿನ ಬಂದು ನೋಡಿ, "ಇದು ಬರೀ ಕಾಪಿ, ನಿನ್ನ ಕೈ ಎಲ್ಲಿ?" ಅಂದು ಹೋದರು. ಏನು ಮಾಡಬೇಕು ಅಂತ ಹೇಳಲಿಲ್ಲ. ಸ್ಟುಡಿಯೋ ಇಡೀ ದಿನ ತೆರೆದಿರುತ್ತೆ, ಪಾಠ ಅಂತ ಮಾಡುವವರಿಲ್ಲ. ಅದಕ್ಕೇ ರಾತ್ರಿ ರೂಮಿನಲ್ಲೇ ಬಾಗಿಲು ಹಾಕಿಕೊಂಡು ಆಯಿಲ್ ಪೇಂಟ್ ಮಾಡುತ್ತೇನೆ. ಬೆಳಿಗ್ಗೆ ಎದ್ದರೆ ತಲೆ ಭಾರ. ಅಪ್ಪ ಮೊದಲು ಅಂಗಡಿ ಬೋರ್ಡ್ ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು. ಈಗ ಮನೆಗಳಿಗೆ ಪೇಂಟ್ ಹೊಡೆಯುತ್ತಾರೆ. "ಬ್ರಷ್ ನಂಬಿ ನಾನು ಕೆಟ್ಟಿದ್ದು ಸಾಕು" ಅಂತಾರೆ. ಮಾವ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಕೊಡಿಸುತ್ತೇನೆ ಅಂತಿದ್ದಾರೆ. ಸ್ನೇಹಿತ ಬೆಂಗಳೂರಿಗೆ ಬಂದು ಆರು ತಿಂಗಳ ಗ್ರಾಫಿಕ್ ಡಿಸೈನ್ ಕೋರ್ಸ್ ಮಾಡು ಅಂತಾನೆ. ನನಗೆ ಕಲೆ ಹುಟ್ಟಿನಿಂದ ಬಂದಿಲ್ಲವೇನೋ. ಬಿಟ್ಟುಬಿಡಲಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಬಿಡಬೇಕೋ ಬೇಡವೋ ಅನ್ನುವುದಕ್ಕೆ ಬರುವ ಮುಂಚೆ ತಲೆ ಭಾರದ ವಿಷಯ ಮಾತಾಡೋಣ. ಅದು ಇವತ್ತೇ ನಿಲ್ಲಬೇಕು.

ಆಯಿಲ್ ಪೇಂಟ್ ತೆಳು ಮಾಡಲು ಬಳಸುವ ಟರ್ಪೆಂಟೈನ್ ಆರುವಾಗ ಅದರ ಆವಿ ರೂಮು ತುಂಬುತ್ತದೆ. ಮುಚ್ಚಿದ ರೂಮಿನಲ್ಲಿ ಅದನ್ನು ಉಸಿರಾಡಿ, ಅಲ್ಲೇ ಮಲಗಿದರೆ ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು ಎಲ್ಲ ಬರುತ್ತದೆ. ಮಲಗುವ ರೂಮಿನಲ್ಲಿ ಆಯಿಲ್ ಪೇಂಟ್ ಬೇಡ. ಬೇರೆ ದಾರಿಯೇ ಇಲ್ಲ ಅಂದರೆ ಅಲ್ಲಿ ಅಕ್ರಿಲಿಕ್ ಬಳಸಿ, ಎದುರುಬದುರು ಎರಡು ಕಿಟಕಿ ತೆಗೆದಿಡಿ. ಇನ್ನೊಂದು ಮಾತು. ಲಿನ್‌ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯಾಗಿದ್ದರೆ ಬಿಸಿ ಒಳಗೇ ಸೇರಿಕೊಂಡು ತಾನಾಗಿ ಬೆಂಕಿ ಹತ್ತಬಹುದು. ಮುಚ್ಚಳ ಇರುವ ತಗಡಿನ ಡಬ್ಬಿಗೆ ನೀರು ಹಾಕಿ ಅದರಲ್ಲಿ ಅದ್ದಿಡಿ. ಬಣ್ಣ ಮುಟ್ಟಿದ ಕೈ ತೊಳೆಯದೆ ಊಟ, ತಿಂಡಿ ಬೇಡ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಸೀಸದಂಥ ಲೋಹ ಇರುತ್ತದೆ.

ಈಗ ಕೈ ಓಡುತ್ತಿಲ್ಲ ಅನ್ನುವ ವಿಷಯ. ನಾನು ಸ್ಟುಡಿಯೋದಲ್ಲಿ ಪಾಠ ಮಾಡಲು ಶುರುಮಾಡಿ 24 ವರ್ಷ ಆಯಿತು. ಎರಡನೇ ವರ್ಷದ ಕೊನೆಯಲ್ಲಿ ಇದೇ ಮಾತು ಹೇಳಿಕೊಂಡು ಬರುವವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಸೇರುವಾಗ ಚೆನ್ನಾಗಿ ಮುಖ ಬರೆಯುತ್ತಿದ್ದವರೇ. ಏನೂ ಬರದೆ ಬಂದ ಹುಡುಗರಿಗೆ ಈ ಕಷ್ಟ ಇಷ್ಟು ಜೋರಾಗಿ ಬರುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಗ್ರಿಡ್ ಹಾಕಿ ಫೋಟೋ ಬರೆಯುವಾಗ ಅರ್ಧಕ್ಕಿಂತ ಜಾಸ್ತಿ ಕೆಲಸ ಆಗಲೇ ಮುಗಿದಿರುತ್ತದೆ. ಉಂಡೆಯಾಗಿರುವ ತಲೆಯನ್ನು ಚಪ್ಪಟೆ ಹಾಳೆಗೆ ಇಳಿಸಿದ್ದು ಕ್ಯಾಮೆರಾ. ಎಲ್ಲಿ ಕಪ್ಪು, ಎಲ್ಲಿ ಬಿಳುಪು ಅಂತ ತೀರ್ಮಾನ ಮಾಡಿದ್ದೂ ಅದೇ. ಹತ್ತಿರದಿಂದ ಫೋನ್ ಹಿಡಿದರೆ ಮೂಗು ದಪ್ಪ, ಕಿವಿ ಸಣ್ಣ ಆಗಿರುತ್ತದೆ. ಅದನ್ನೂ ನೀವು ಹಾಗೇ ಬರೆದಿರುತ್ತೀರಿ. ನಿಮ್ಮ ಪಾಲಿಗೆ ಉಳಿದದ್ದು ಒಂದೊಂದೇ ಚೌಕವನ್ನು ತಾಳ್ಮೆಯಿಂದ ತುಂಬುವ ಕೆಲಸ. ಆ ತಾಳ್ಮೆ ದೊಡ್ಡದು, ಅದನ್ನು ಕಡಿಮೆ ಅಂತ ನಾನು ಹೇಳುವುದಿಲ್ಲ. ಅದು ನಿಮಗೆ ಮುಂದೆ ಬೇಕಾಗುತ್ತದೆ. ಆದರೆ ಲೈಫ್ ಸ್ಟಡಿಯಲ್ಲಿ ಎದುರಿಗೆ ಕೂತವರು ಉಸಿರಾಡುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಭುಜ ಇಳಿಯುತ್ತದೆ, ಕತ್ತು ವಾಲುತ್ತದೆ. ನಿಮ್ಮ ಎರಡು ಕಣ್ಣಿಗೆ ಎರಡು ಅಂಚು ಕಾಣುತ್ತವೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅಂತ ನಿಮಿಷಕ್ಕೆ ಹತ್ತು ಸಲ ನೀವೇ ಹೇಳಬೇಕು. ಈ ಕೆಲಸ ನೀವು ಮೊದಲು ಮಾಡಿಯೇ ಇರಲಿಲ್ಲ.

ಇನ್ನು ಮೈಯ ಲೆಕ್ಕ ಬೇರೆ ಇದೆ. ಮೇಜಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಹಿಡಿದರೆ ಓಡುವುದು ಬೆರಳು ಮತ್ತು ಮಣಿಕಟ್ಟು. ಈಸೆಲ್ ಮುಂದೆ ನಿಂತು ಇದ್ದಿಲು ಹಿಡಿದರೆ ಗೆರೆ ಭುಜದಿಂದ ಬರಬೇಕು. ಸೈಕಲ್ ಚೆನ್ನಾಗಿ ಹೊಡೆಯುವವನು ಈಜಲು ಇಳಿದ ಹಾಗೆ. ಮೊದಲ ದಿನ ಮುಳುಗಿದ ಅಂತ ಅವನಿಗೆ ಸೈಕಲ್ ಮರೆತುಹೋಯಿತು ಅಂತಲ್ಲ ಅಲ್ವಾ?

ಎಲ್ಲಕ್ಕಿಂತ ಮುಖ್ಯ ಕಾರಣ ಕಣ್ಣು. ಎರಡು ವರ್ಷ ಒಳ್ಳೆಯ ಚಿತ್ರ ನೋಡಿದ್ದೀರಿ, ಪಕ್ಕದವರ ಕೆಲಸ ನೋಡಿದ್ದೀರಿ, ಕಲಾ ಇತಿಹಾಸ ಓದಿದ್ದೀರಿ. ಕಣ್ಣು ಬೇಗ ಬೆಳೆಯುತ್ತದೆ, ಕೈ ನಿಧಾನ. ಮೊದಲು ಕಾಣದೇ ಇದ್ದ ತಪ್ಪುಗಳು ಈಗ ಕಾಣುತ್ತಿವೆ. ನಿಮ್ಮ ಹಳೇ ಪೆನ್ಸಿಲ್ ಮುಖಗಳಲ್ಲಿ ಒಂದನ್ನು ತೆಗೆದು ಇವತ್ತು ನೋಡಿ. ಆಗ ಹೆಮ್ಮೆ ಪಟ್ಟ ಜಾಗದಲ್ಲೇ ಏನೋ ಕೊರತೆ ಕಂಡರೆ, ನಾನು ಹೇಳಿದ್ದು ಸರಿ ಅಂತ ತಿಳಿಯಿರಿ.

ಹುಟ್ಟಿನಿಂದ ಬರಬೇಕು ಅನ್ನುವ ಮಾತನ್ನು ಇಲ್ಲಿಗೇ ಬಿಡಿ. ಆಸೆ ಇರಬೇಕು, ಗಂಟೆಗಟ್ಟಲೆ ಕೂರುವ ಮೈ ಇರಬೇಕು. ಅದು ನಿಮ್ಮಲ್ಲಿದೆ. ತಲೆ ಭಾರ ಆದರೂ ರಾತ್ರಿಯೆಲ್ಲ ಕೂತು ಬರೆಯುವವನಿಗೆ ಆಸೆ ಇಲ್ಲ ಅಂತ ಯಾರು ಹೇಳಿಯಾರು?

ಹಾಗಾದರೆ "ನಿನ್ನ ಕೈ ಎಲ್ಲಿ?" ಅಂದರೆ ಏನು? ಈ ಮಾತು ಎಲ್ಲ ಸ್ಟುಡಿಯೋಗಳಲ್ಲೂ ಕೇಳಿಸುತ್ತದೆ, ಬಿಡಿಸಿ ಹೇಳುವವರು ಕಡಿಮೆ. ಇದಕ್ಕೆ ನಾನು ಕಂಡ ಒಳ್ಳೆಯ ಪಾಠ ಹಾಸನ ಜಿಲ್ಲೆಯಲ್ಲೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯ 1246ರದು. ಹೊರಗೋಡೆಯ ಶಿಲ್ಪಗಳ ಮೇಲೆ ಇಬ್ಬರ ಹೆಸರಿದೆ. ದಕ್ಷಿಣದ ಕಡೆ ಬೈಚೋಜ, ಉತ್ತರದ ಕಡೆ ಮಲ್ಲಿತಮ್ಮ. ಅದೇ ಕಲ್ಲು, ಅದೇ ದೇವರುಗಳು, ಅದೇ ಶಾಸ್ತ್ರದ ಅಳತೆ. ಇಬ್ಬರಿಗೂ ಹೊಸದಾಗಿ ಏನನ್ನೂ ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ಜಾಸ್ತಿ ಇರಲಿಲ್ಲ. ಆದರೂ ಎರಡು ಗೋಡೆ ಒಂದೇ ಥರ ಇಲ್ಲ. ಬೈಚೋಜನ ಮೂರ್ತಿಗಳು ಸಾವಧಾನ. ನಿಂತ ನಿಲುವಿನಲ್ಲಿ ಗಾಂಭೀರ್ಯ, ಆಭರಣದ ಒಂದೊಂದು ಮಣಿಯಲ್ಲೂ ಅಚ್ಚುಕಟ್ಟು. ಮಲ್ಲಿತಮ್ಮನದು ಚುರುಕು. ಮೈ ತಿರುವು, ಕಾಲು ಎತ್ತಿದ ರೀತಿ, ಎಲ್ಲದರಲ್ಲೂ ಓಟ. ನಯ ಮಾಡುವುದರ ಮೇಲೆ ಅವನಿಗೆ ಅಷ್ಟು ಗಮನವಿಲ್ಲ. ನಾನು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಮೊದಲು ಹೆಸರು ಹೇಳುವುದಿಲ್ಲ. ಎರಡು ಕಡೆಯೂ ಒಂದೊಂದು ಮೂರ್ತಿ ಬರೆಯಿರಿ ಅನ್ನುತ್ತೇನೆ. ಬರೆಯುತ್ತಾ ಬರೆಯುತ್ತಾ ಅವರೇ "ಸರ್, ಈ ಕಡೆ ಬೇರೆ ಯಾರೋ ಕೆತ್ತಿದ್ದಾರೆ" ಅನ್ನುತ್ತಾರೆ. ಮೇಷ್ಟ್ರು ಕೇಳಿದ "ಕೈ" ಅದೇ. ಏನನ್ನು ಉಳಿಸಿದೆ, ಏನನ್ನು ಬಿಟ್ಟೆ, ಎಲ್ಲಿ ನಿಧಾನ ಮಾಡಿದೆ, ಎಲ್ಲಿ ಓಡಿದೆ. ಹಾಳೆಯ ಮೇಲೆ ಇಷ್ಟು ಗೊತ್ತಾಗಬೇಕು. ವಿಚಿತ್ರವಾಗಿ ಏನೋ ಬರೆಯಬೇಕು ಅಂತ ಅವರು ಕೇಳಿಲ್ಲ. ಬಹಳ ಹುಡುಗರು ಅಲ್ಲೇ ತಪ್ಪು ತಿಳಿದು, ಮೂಗು ಸೊಟ್ಟ ಬರೆದು "ಇದು ನನ್ನ ಸ್ಟೈಲ್" ಅನ್ನುತ್ತಾರೆ.

ಮಲ್ಲಿತಮ್ಮನ ಹೆಸರು ನಿಮ್ಮ ಜಿಲ್ಲೆಯಲ್ಲೂ ಸಿಗುತ್ತದೆ. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ, 1196ರ ಅಮೃತೇಶ್ವರ ದೇವಾಲಯದಲ್ಲಿ. ಆ ದೇವಾಲಯಕ್ಕೂ ನುಗ್ಗೇಹಳ್ಳಿಗೂ ನಡುವೆ ಐವತ್ತು ವರ್ಷ. ಒಂದು ಕೈ ಕೂರಲು ಎಷ್ಟು ಕಾಲ ಬೇಕು ಅಂತ ಎರಡೂ ಕಡೆ ನಿಂತು ಯೋಚಿಸಿ. ನಿಮ್ಮದು ಇನ್ನೂ ಎರಡು ವರ್ಷ.

ಇನ್ನು ಪಾಠ ಮಾಡುವವರಿಲ್ಲ ಅನ್ನುವ ದೂರು. ಇದರಲ್ಲಿ ಎರಡು ವಿಷಯ ಸೇರಿಕೊಂಡಿವೆ, ಬೇರೆ ಮಾಡಿ ನೋಡಬೇಕು. ಸ್ಟುಡಿಯೋ ಪದವಿಯಲ್ಲಿ ಪಾಠ ಅಂದರೆ ಬೋರ್ಡ್ ಮುಂದೆ ನಿಂತು ಹೇಳುವುದಲ್ಲ. ನೀವು ಕೆಲಸ ಮಾಡುತ್ತಿರಬೇಕು, ಮೇಷ್ಟ್ರು ನಡುವೆ ಬಂದು ನೋಡಬೇಕು, ಪಕ್ಕದವರು ಏನು ಮಾಡುತ್ತಿದ್ದಾರೆ ಅಂತ ನೀವು ನೋಡಬೇಕು. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವಿಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರೂ ಇದೆ. ಆ ಮಗನಿಗೆ ಯಾರೂ ಲೆಕ್ಚರ್ ಕೊಟ್ಟಿರಲಾರರು. ಅಪ್ಪನ ಪಕ್ಕ ಕೂತು ಉಳಿ ಹಿಡಿದಿರಬೇಕು. ನೀವು ರೂಮಿನಲ್ಲಿ ಬಾಗಿಲು ಹಾಕಿಕೊಂಡು ಬರೆದಾಗ ಈ ಪದವಿಯ ಮುಖ್ಯ ಪಾಠವನ್ನೇ ಹೊರಗೆ ಬಿಟ್ಟ ಹಾಗಾಗುತ್ತದೆ. ಫೀಸು ಕಟ್ಟಿರುವುದು ಆ ಜಾಗಕ್ಕೆ, ಅಲ್ಲಿನ ಜನಕ್ಕೆ, ಅಲ್ಲಿನ ಬೆಳಕಿಗೆ. ನಾಳೆಯಿಂದ ಕೆಲಸ ಅಲ್ಲಿಗೆ ತನ್ನಿ. ಕೆಟ್ಟದಾಗಿ ಬಂದದ್ದನ್ನು ನಾಲ್ಕು ಜನ ನೋಡುತ್ತಾರೆ ಅಂತ ನಾಚಿಕೆ ಆಗುತ್ತದೆ, ಗೊತ್ತು. ಹದಿನೈದು ದಿನದಲ್ಲಿ ಆ ನಾಚಿಕೆ ಹೋಗುತ್ತದೆ.

ಆದರೆ ಎಲ್ಲ ಮೌನವೂ ಒಳ್ಳೆಯ ಮೌನ ಅಂತ ನಾನು ಹೇಳುವುದಿಲ್ಲ. ನಮ್ಮ ಕಲಾ ಕಾಲೇಜುಗಳಲ್ಲಿ ಖಾಲಿ ಹುದ್ದೆಗಳಿವೆ. ಅತಿಥಿ ಉಪನ್ಯಾಸಕರ ಮೇಲೆ ವಿಭಾಗ ನಡೆಯುವುದೂ ಇದೆ. ನಿಜವಾದ ನಿರ್ಲಕ್ಷ್ಯ ಹೇಗೆ ಗೊತ್ತಾಗುತ್ತದೆ? ತಿಂಗಳಿಗೆ ಒಂದು ಸಲವೂ ಕೆಲಸವನ್ನು ಗೋಡೆಗೆ ಹಾಕಿಸಿ ಎಲ್ಲರೂ ಕೂತು ಮಾತಾಡುವುದಿಲ್ಲ. ಸಬ್‌ಮಿಷನ್ ದಿನ ಬಿಟ್ಟರೆ ಯಾರೂ ನೋಡುವುದಿಲ್ಲ. ಮಾಡೆಲ್ ಬರುವುದಿಲ್ಲ. ಸೀನಿಯರ್‌ಗಳೂ ಸ್ಟುಡಿಯೋಗೆ ಬರುವುದಿಲ್ಲ. ಹೀಗಿದ್ದರೆ ತಪ್ಪು ನಿಮ್ಮದಲ್ಲ. ನಾಲ್ಕೈದು ಜನ ಸೇರಿ ವಾರಕ್ಕೊಮ್ಮೆ ನೀವೇ ಕೆಲಸ ಹಾಕಿ ಮಾತಾಡಿ, ಸೀನಿಯರ್ ಒಬ್ಬರನ್ನು ಕರೆಯಿರಿ. ವಿಭಾಗದ ಮುಖ್ಯಸ್ಥರಿಗೆ ಜೊತೆಯಾಗಿ ಹೋಗಿ ಕೇಳಿ.

ಮೇಷ್ಟ್ರು ಬರುತ್ತಾರೆ, ಆದರೆ ಒಂದೇ ಮಾತು ಹೇಳಿ ಹೋಗುತ್ತಾರೆ ಅನ್ನುವುದಾದರೆ ಪ್ರಶ್ನೆ ಬದಲಾಯಿಸಿ. "ಹೇಗಿದೆ ಸರ್?" ಅಂದರೆ "ಪರವಾಗಿಲ್ಲ" ಅನ್ನುವ ಉತ್ತರವೇ ಬರುವುದು. ಒಂದೇ ವಸ್ತುವನ್ನು ಮೂರು ಥರ ಬರೆದಿಟ್ಟು, "ಸರ್, ಇದರಲ್ಲಿ ಯಾವುದು ಮುಂದೆ ತಗೊಂಡು ಹೋಗಲಿ, ಯಾಕೆ?" ಅನ್ನಿ. ಅವರು ಬೆರಳಿಟ್ಟು ತೋರಿಸಲೇಬೇಕಾಗುತ್ತದೆ. ಹೇಳಿದ್ದನ್ನು ಅಲ್ಲೇ ಸ್ಕೆಚ್‌ಬುಕ್‌ನಲ್ಲಿ ಬರೆದುಕೊಳ್ಳಿ. ಬೈಗುಳ ಅಂತ ಕೇಳಿಸಿದ್ದು ನಾಲ್ಕು ದಿನ ಬಿಟ್ಟು ಓದಿದಾಗ ಪಾಠ ಅನ್ನಿಸುವುದುಂಟು.

ಕೈಗೆ ಏನು ಕೆಲಸ ಕೊಡಬೇಕು ಅಂತಲೂ ಹೇಳುತ್ತೇನೆ. ಎರಡು ತಿಂಗಳು ಈ ಅಭ್ಯಾಸಕ್ಕೆ ಕೂತಾಗ ಪೆನ್ಸಿಲ್, ರಬ್ಬರ್ ಎರಡನ್ನೂ ಪೆಟ್ಟಿಗೆಯಲ್ಲಿಡಿ. ಇದ್ದಿಲು ಮತ್ತು ಅಗ್ಗದ ನ್ಯೂಸ್‌ಪ್ರಿಂಟ್ ಹಾಳೆ ಸಾಕು. ಬಸ್ ಸ್ಟ್ಯಾಂಡ್, ಸಂತೆ, ಆಸ್ಪತ್ರೆಯ ಹೊರಗಿನ ಬೆಂಚು, ಎಲ್ಲಾದರೂ ಕೂತು ಒಬ್ಬೊಬ್ಬರನ್ನು ಒಂದು ನಿಮಿಷದಲ್ಲಿ ಬರೆಯಿರಿ. ಭಾರ ಯಾವ ಕಾಲಿನ ಮೇಲಿದೆ ಅನ್ನುವುದಷ್ಟೇ ಮೊದಲ ವಾರದ ಗುರಿ. ಮುಖ ಬೇಡವೇ ಬೇಡ. ನಿಮಗೆ ಮುಖ ಬರುತ್ತದೆ, ಅದಕ್ಕೇ ನೀವು ಅಲ್ಲಿ ಬಚ್ಚಿಟ್ಟುಕೊಳ್ಳುತ್ತೀರಿ. ದಿನಕ್ಕೆ ಇಪ್ಪತ್ತು ಬರೆದರೆ ಹದಿನೆಂಟು ಕೆಡುತ್ತವೆ. ಕೆಡಲಿ. ಸ್ಟುಡಿಯೋದಲ್ಲಿ ದೊಡ್ಡ ಪೇಂಟಿಂಗ್ ಮಾಡುವಾಗ ಅರ್ಧ ಗಂಟೆಗೊಮ್ಮೆ ಹತ್ತು ಅಡಿ ಹಿಂದೆ ಹೋಗಿ ನೋಡಿ. ಕನ್ನಡಿಯಲ್ಲಿ ನೋಡಿ, ತಲೆಕೆಳಗು ಮಾಡಿ ನೋಡಿ. ಫೋನಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿದರೆ ನೆರಳು ಬೆಳಕಿನ ತಪ್ಪು ಎದ್ದು ಕಾಣುತ್ತದೆ.

ಗ್ರಿಡ್ ಮುಖಗಳನ್ನು ಪೂರ್ತಿ ನಿಲ್ಲಿಸಿ ಅಂತ ನಾನು ಹೇಳಲಾರೆ. ಆ 1500 ರೂಪಾಯಿಯಲ್ಲಿ ಬಣ್ಣ, ಕ್ಯಾನ್ವಾಸ್ ಬರುತ್ತದೆ. ತಿಂಗಳಿಗೆ ಎರಡು ಅಂತ ಗೆರೆ ಎಳೆದುಕೊಳ್ಳಿ. ಜಾಸ್ತಿ ಆದರೆ ಕೈ ಮತ್ತೆ ಹಳೇ ದಾರಿಗೇ ಎಳೆಯುತ್ತದೆ.

ಈಗ ಮುಂದಿನ ಬದುಕಿನ ವಿಷಯ. ಸುಮ್ನೆ ಸಮಾಧಾನ ಹೇಳುವುದಿಲ್ಲ. ಪೇಂಟಿಂಗ್ ಪದವಿ ಮುಗಿದ ಮರುದಿನ ಸಂಬಳದ ಕೆಲಸ ಕಾದಿರುವುದಿಲ್ಲ. ಬರೀ ಪೇಂಟಿಂಗ್ ಮಾರಿ ಸಂಸಾರ ನಡೆಸುವವರು ಬಹಳ ಕಡಿಮೆ. ನನ್ನ ಹಳೇ ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆ? ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದವರಿದ್ದಾರೆ. ಸಿನಿಮಾ, ಸೀರಿಯಲ್ ಸೆಟ್‌ಗಳ ಕಲಾ ವಿಭಾಗದಲ್ಲಿದ್ದಾರೆ. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರು, ಅನಿಮೇಷನ್‌ಗೆ ಹೋದವರು, ಹೋಂಸ್ಟೇ ಮತ್ತು ಶಾಲೆಗಳ ಗೋಡೆಗೆ ಚಿತ್ರ ಬರೆಯುವವರು ಇದ್ದಾರೆ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಸ್ನಾತಕೋತ್ತರ ಪದವಿ ಬೇಕು, ಯುಜಿಸಿಯ ಎನ್‌ಇಟಿ ಪರೀಕ್ಷೆಯಲ್ಲಿ ದೃಶ್ಯಕಲೆ ಅಂತಲೇ ಒಂದು ವಿಷಯ ಇದೆ. ಬರೋಡಾ, ಶಾಂತಿನಿಕೇತನ, ಹೈದರಾಬಾದ್‌ಗೆ ಸ್ನಾತಕೋತ್ತರಕ್ಕೆ ಹೋದ ನಮ್ಮ ಹುಡುಗರು ಅಲ್ಲಿಂದ ಬೇರೆಯೇ ಕಣ್ಣು ತಗೊಂಡು ಬಂದಿದ್ದಾರೆ. ಇವೆಲ್ಲಕ್ಕೂ ಮೊದಲು ಬೇಕಾದ್ದು ಪದವಿ.

ಗ್ರಾಫಿಕ್ ಡಿಸೈನ್ ಕೋರ್ಸ್ ಕೆಟ್ಟದ್ದಲ್ಲ. ಆರು ತಿಂಗಳಲ್ಲಿ ಸಾಫ್ಟ್‌ವೇರ್ ಕಲಿಸುತ್ತಾರೆ. ಆದರೆ ಇವತ್ತು ಯಂತ್ರ ಎಲ್ಲಕ್ಕಿಂತ ಬೇಗ ಮಾಡುವ ಕೆಲಸವೂ ಅದೇ, ಅಂದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡಿಕೊಡುವುದು. ಎದುರಿಗೆ ಹತ್ತು ಚಿತ್ರ ಇದ್ದಾಗ ಯಾವುದು ಸರಿ, ಯಾಕೆ ಸರಿ ಅಂತ ಹೇಳುವ ಕಣ್ಣು ಇದ್ದವನಿಗೆ ಸಾಫ್ಟ್‌ವೇರ್ ಉಪಯೋಗಕ್ಕೆ ಬರುತ್ತದೆ. ಪದವಿ ಜೊತೆಗೆ ರಜದಲ್ಲಿ ಕಲಿಯಿರಿ. ಪದವಿ ಬಿಟ್ಟು ಅಲ್ಲ.

ವಿಭಾಗ ಬದಲಾಯಿಸುವುದು ಇನ್ನೊಂದು ದಾರಿ. ಸಕಲೇಶಪುರದ ಕಡೆಯ ಹುಡುಗಿಯೊಬ್ಬಳು ನಮ್ಮಲ್ಲಿ ಪೇಂಟಿಂಗ್‌ನಲ್ಲಿ ಹೀಗೇ ಸಿಕ್ಕಿಕೊಂಡಿದ್ದಳು. ಗ್ರಾಫಿಕ್ಸ್, ಅಂದರೆ ಅಚ್ಚಿನ ಕಲೆಯ ಸ್ಟುಡಿಯೋದಲ್ಲಿ ಮರದ ಹಲಗೆ ಕೊರೆಯಲು ಕೂತಳು, ಮೇಲೇಳಲಿಲ್ಲ. ಅಳಿಸಲಾಗದ ಗೆರೆ ಅವಳಿಗೆ ಧೈರ್ಯ ಕೊಟ್ಟಿತು. ನಿಮ್ಮ ತಾಳ್ಮೆಗೂ ಅಚ್ಚಿನ ಕೆಲಸ ಹೊಂದಬಹುದು ಅಂತ ನನಗೆ ಅನಿಸುತ್ತದೆ. ಅಪಾಯ ಏನೆಂದರೆ, ಕೆಲವು ಕಡೆ ಒಂದು ವರ್ಷ ಹಿಂದೆ ಬೀಳಬೇಕಾಗುತ್ತದೆ. ಕಚೇರಿಯಲ್ಲಿ ನಿಯಮ ಏನು ಅಂತ ಲಿಖಿತವಾಗಿ ಕೇಳಿ. ನಡುವೆ ಬಿಟ್ಟರೆ ಯಾವ ಪ್ರಮಾಣಪತ್ರ ಸಿಗುತ್ತದೆ, ಮತ್ತೆ ಸೇರಲು ಎಷ್ಟು ವರ್ಷದ ಅವಕಾಶ ಇದೆ ಅಂತಲೂ ಕೇಳಿಟ್ಟುಕೊಳ್ಳಿ.

ತೋಟದ ರೈಟರ್ ಕೆಲಸ ಮರ್ಯಾದೆಯ ಕೆಲಸ. ತಿಂಗಳ ಸಂಬಳ ಬರುತ್ತದೆ, ಮನೆ ಹತ್ತಿರ ಇರಬಹುದು. ಮನೆಯಲ್ಲಿ ಸಾಲ ಇದ್ದು, ನೀವು ದುಡಿಯಲೇಬೇಕು ಅನ್ನುವ ಸ್ಥಿತಿ ಇದ್ದರೆ ಅದನ್ನು ತಗೊಳ್ಳಿ, ನಾನು ಅಡ್ಡ ಬರುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಹಣದ ಕಷ್ಟಕ್ಕಿಂತ ಕೈ ಬರುತ್ತಿಲ್ಲ ಅನ್ನುವ ಸಂಕಟ ಜಾಸ್ತಿ ಕಾಣುತ್ತಿದೆ. ಆ ಸಂಕಟಕ್ಕಾಗಿ ಬಿಟ್ಟವರು ತಿರುಗಿ ಬರುವುದು ಕಷ್ಟ. ಒಂದು ವರ್ಷ ಬಿಟ್ಟು ಸೇರುತ್ತೇನೆ ಅಂತ ಹೋದವರಲ್ಲಿ ವಾಪಸ್ ಬಂದವರನ್ನು ನಾನು ಬಹಳ ಕಡಿಮೆ ನೋಡಿದ್ದೇನೆ.

ಹಣಕ್ಕೆ ಎರಡು ಕಡೆ ನೋಡಿ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನಿಮ್ಮ ವರ್ಗಕ್ಕೆ ಬರುವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೀರಾ? ಕೇಂದ್ರದ ಸಂಸ್ಕೃತಿ ಸಚಿವಾಲಯವೂ 18ರಿಂದ 25 ವರ್ಷದ ಯುವ ಕಲಾವಿದರಿಗೆ ತಿಂಗಳಿಗೆ 5000 ರೂಪಾಯಿಯಂತೆ ಎರಡು ವರ್ಷ ವಿದ್ಯಾರ್ಥಿವೇತನ ಕೊಡುತ್ತದೆ. ದೃಶ್ಯಕಲೆಯೂ ಅದರಲ್ಲಿ ಸೇರಿದೆ. ಅರ್ಜಿ ಕರೆದಾಗ ಕೆಲಸದ ಒಳ್ಳೆಯ ಫೋಟೋಗಳು ಸಿದ್ಧ ಇರಬೇಕು, ಈಗಲೇ ತೆಗೆದಿಡಿ.

ನನ್ನ ಅಭಿಪ್ರಾಯ ಕೇಳಿದರೆ, ಮೂರನೇ ವರ್ಷದ ಮೊದಲ ಸೆಮಿಸ್ಟರ್ ಮುಗಿಯುವವರೆಗೆ ಬಿಡುವ ಮಾತು ಬೇಡ. ಆ ಆರು ತಿಂಗಳು ರೂಮಿನ ಬದಲು ಸ್ಟುಡಿಯೋದಲ್ಲಿ ಇರಿ, ಮೇಲೆ ಹೇಳಿದ ಕೆಲಸ ಮಾಡಿ. ಆಮೇಲೂ ಬೆಳಿಗ್ಗೆ ಎದ್ದು ಅಲ್ಲಿಗೆ ಹೋಗಲು ಮನಸ್ಸೇ ಬರದಿದ್ದರೆ ಆಗ ಯೋಚಿಸೋಣ.

ಕೊನೆಗೆ ಅಪ್ಪನ ವಿಷಯ. ಅವರು ಬ್ರಷ್ ನಂಬಿ ಕೆಡಲಿಲ್ಲ. ಫ್ಲೆಕ್ಸ್ ಯಂತ್ರ ಬಂದು ಅವರ ಕೈಗೆ ಬೆಲೆ ಕಟ್ಟುವವರಿಲ್ಲದೆ ಹೋಯಿತು. ನಾನು ಹಾಸನದಲ್ಲಿ ಬೆಳೆದವನು. ಬೋರ್ಡ್ ಬರೆಯುವವರ ಅಂಗಡಿ ಮುಂದೆ ಸಂಜೆಯೆಲ್ಲ ನಿಂತಿರುತ್ತಿದ್ದೆ. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಎಳೆದು ಬಿಟ್ಟು ಗೆರೆ ಹೊಡೆಯುತ್ತಿದ್ದರು. ಆಮೇಲೆ ಚಪ್ಪಟೆ ಬ್ರಷ್‌ನಲ್ಲಿ ಒಂದೇ ಎಳೆತಕ್ಕೆ ತಲೆಕಟ್ಟು, ಅದರ ಕೆಳಗೆ ಒತ್ತಕ್ಷರಕ್ಕೆ ಎಷ್ಟು ಜಾಗ ಬಿಡಬೇಕು ಅಂತ ಕಣ್ಣಲ್ಲೇ ಅಳತೆ. ಊರಿನ ಯಾವ ಬೋರ್ಡ್ ಯಾರು ಬರೆದದ್ದು ಅಂತ ದೂರದಿಂದಲೇ ಹೇಳುತ್ತಿದ್ದರು. ಅಕ್ಷರ ಕಲಿಸಿ ಅಂತ ನಿಮ್ಮ ಅಪ್ಪನನ್ನು ಈ ರಜದಲ್ಲಿ ಕೇಳಿ. ಭುಜದಿಂದ ಗೆರೆ ಎಳೆಯುವುದು ಹೇಗೆ ಅಂತ ನಿಮಗೆ ತೋರಿಸಬಲ್ಲವರು ಮನೆಯಲ್ಲೇ ಇದ್ದಾರೆ.

ನುಗ್ಗೇಹಳ್ಳಿಗೂ ಅವರನ್ನು ಕರೆದುಕೊಂಡು ಹೋಗಿ. ಬೆಳಿಗ್ಗೆ ಬೇಗ ತಲುಪಿ, ಬಿಸಿಲು ಓರೆಯಾಗಿ ಬಿದ್ದಾಗ ಕಲ್ಲಿನ ಉಬ್ಬುತಗ್ಗು ಚೆನ್ನಾಗಿ ಕಾಣುತ್ತದೆ. ಬೈಚೋಜ, ಮಲ್ಲಿತಮ್ಮ ಅಂತ ನೀವು ಏನೂ ಹೇಳಬೇಡಿ. ಎರಡು ಗೋಡೆಯನ್ನೂ ಒಂದು ಸುತ್ತು ತೋರಿಸಿ, ಎಷ್ಟು ಜನ ಕೆತ್ತಿದ್ದಾರೆ ಅನ್ನಿಸುತ್ತೆ ಅಂತ ಅಪ್ಪನನ್ನೇ ಕೇಳಿ. ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ.